ಕಡತದ ಪುಟ, ಶಾನುಭೋಗರ ನೆನಪು

ಮಲೆನಾಡಿನ ಮಠಗಳಲ್ಲಿಯೂ ಹಳೆಯ ವರ್ತಕರ ಮನೆಗಳಲ್ಲಿಯೂ ಒಂದು ಕಾಲದಲ್ಲಿ ಲೆಕ್ಕಪತ್ರಗಳನ್ನು ಬರೆದಿಡಲು ಬಳಕೆಯಲ್ಲಿದ್ದ ‘ಕಡತ’ವೆಂಬ ವಸ್ತುವನ್ನು ಕಣ್ಣಾರೆ ಕಂಡವರು ಈಗ ವಿರಳ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಗಟ್ಟಿಯಾದ ಆ ಕರಿಯ ಹಾಸನ್ನು ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಉಳಿದುಬಂದಿರುವ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಕಾಗದಕ್ಕಿಲ್ಲದ ಒಂದು ಗುಣ ಈ ಕಡತಕ್ಕಿತ್ತು. ತಪ್ಪಿದ ಅಂಕಿಯನ್ನು ಒರಸಿ, ಅದೇ ಜಾಗದಲ್ಲಿ ಸರಿಯಾದುದನ್ನು ಬರೆಯಬಹುದಾಗಿತ್ತು. ಆ ಗುಣವೇ ಅದರ ದೋಷವೂ ಆಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒರಸಿದ ಅಂಕಿ ಯಾವುದು, ಒರಸಿದ್ದು ಯಾವಾಗ, ಒರಸುವ ಮುನ್ನ ಅದನ್ನು ನಂಬಿ ಮುಂದಿನ ಮಡಿಕೆಯಲ್ಲಿ ಯಾವ ಲೆಕ್ಕ ಕಟ್ಟಲಾಗಿತ್ತು ಎಂಬುದಕ್ಕೆ ಆ ಕರಿಯ ಹಾಸಿನಲ್ಲಿ ಸಾಕ್ಷಿ ಉಳಿಯುತ್ತಿರಲಿಲ್ಲ. ಅದು ಉಳಿಯುತ್ತಿದ್ದುದು ಬರೆದ ಶಾನುಭೋಗರ ನೆನಪಿನಲ್ಲಿ ಮಾತ್ರ.

ಕಾಲಕ್ರಮದಲ್ಲಿ ವಸ್ತು ಮರೆಯಾಗಿ ಹೆಸರು ಉಳಿಯಿತು. ಸರ್ಕಾರದ ಕಚೇರಿಗಳಲ್ಲಿ ದಾರ ಕಟ್ಟಿದ ಕಾಗದದ ಕಂತೆಯನ್ನು ಕಡತವೆಂದರು. ಕಂಪ್ಯೂಟರು ಬಂದ ಮೇಲೆ ಅದರೊಳಗಿನ ಫೈಲಿಗೂ ಕನ್ನಡದಲ್ಲಿ ಅದೇ ಹೆಸರು ಸಂದಿತು. ಹೆಸರಿಟ್ಟವರು ಆಲೋಚಿಸಿಯೇ ಇಟ್ಟರೋ, ರೂಢಿಯಿಂದ ಬಂದಿತೋ, ಅಂತೂ ಆ ಹೆಸರಿನೊಡನೆ ಹಳೆಯ ಕಡತದ ಗುಣದೋಷಗಳೆರಡೂ ಹೊಸ ಕಡತಕ್ಕೆ ಇಳಿದು ಬಂದಂತಿವೆ. ಅದರಲ್ಲಿಯೂ ಇಂದು ವಿಜ್ಞಾನಿಗಳೂ ವಿದ್ಯಾರ್ಥಿಗಳೂ ಪ್ರೋಗ್ರಾಂ ಬರೆದು ಪ್ರಯೋಗಿಸುವ ‘ನೋಟ್‌ಬುಕ್’ ಎಂಬ ಬಗೆಯ ಕಡತದಲ್ಲಿ, ಪುಟದ ಮೇಲೆ ಕಾಣುವುದು ಒಂದು, ಯಂತ್ರದೊಳಗೆ ನಡೆದಿರುವುದು ಇನ್ನೊಂದು ಎಂಬ ಹಳೆಯ ತೊಡಕು ಹೊಸ ವೇಷದಲ್ಲಿ ಪುನಃ ಎದುರಾಗುತ್ತದೆ. ಪ್ರೋಗ್ರಾಂ ಬರೆಯುವವರ ಕಸುಬಿನಲ್ಲಿ ಬಹುಭಾಗ, ವಿಚಾರಿಸಿ ನೋಡಿದರೆ, ಈ ಅಂತರವನ್ನು ಕಿರಿದುಮಾಡುವ ಪ್ರಯತ್ನವೇ ಆಗಿದೆ.

ಒಂದು ಮಳೆಯ ಲೆಕ್ಕ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು, ಕಳೆದ ಮಳೆಗಾಲದಲ್ಲಿ ರಜೆಗೆಂದು ಬಂದವಳು, ತನ್ನ ಅಜ್ಜನ ಅಡಕೆ ತೋಟದ ಮಳೆಯ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದಳು. ತೋಟದ ಯಜಮಾನರು ಅಂಗಳದಲ್ಲಿ ಮಳೆಮಾಪಕವನ್ನಿಟ್ಟು, ದಿನಂಪ್ರತಿ ಬೆಳಗ್ಗೆ ಬಿದ್ದ ಮಳೆಯನ್ನು ಅಳೆದು, ದಪ್ಪ ರಟ್ಟಿನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಪದ್ಧತಿ ಮಲೆನಾಡಿನವರಿಗೆ ಹೊಸತಲ್ಲ. ಆ ಪುಸ್ತಕದಿಂದ ನಾಲ್ಕು ದಿನಗಳ ಅಂಕಿಗಳನ್ನು ಅವಳು ಪರೀಕ್ಷಾರ್ಥವಾಗಿ ತೆಗೆದುಕೊಂಡಿದ್ದಳು: 62, 0, 118, 70 ಮಿಲಿಮೀಟರು.

ನೋಟ್‌ಬುಕ್ಕಿನಲ್ಲಿ ಅವಳು ತೆರೆದಿದ್ದುದು ಪ್ರೋಗ್ರಾಮಿನ ಸಾಲುಗಳನ್ನು ಬರೆಯುವ ಮೂರು ಖಾನೆಗಳನ್ನು, ಅಂದರೆ ಸೆಲ್ಲುಗಳನ್ನು. ಮೊದಲನೆಯದರಲ್ಲಿ ಆ ನಾಲ್ಕು ಅಂಕಿಗಳ ಪಟ್ಟಿ. ಎರಡನೆಯದರಲ್ಲಿ ಅವುಗಳನ್ನು ಕೂಡಿ, ಬಂದ ಮೊತ್ತಕ್ಕೆ ‘ಒಟ್ಟು’ ಎಂದು ಹೆಸರು. ವರ್ತಮಾನಪತ್ರಿಕೆಗಳಲ್ಲಿ ಮಳೆಯನ್ನು ಸೆಂಟಿಮೀಟರಿನಲ್ಲಿ ಹೇಳುವುದು ವಾಡಿಕೆಯಾದುದರಿಂದ, ಮೂರನೆಯದರಲ್ಲಿ ‘ಒಟ್ಟು’ ಎಂಬುದನ್ನು ಹತ್ತರಿಂದ ಭಾಗಿಸಿ, ಬಂದುದನ್ನು ಮತ್ತೆ ‘ಒಟ್ಟು’ ಎಂಬ ಹೆಸರಿನಲ್ಲಿಯೇ ಇಡು ಎಂಬ ಆಜ್ಞೆ. ಶಿಫ್ಟ್ ಕೀಲಿಯನ್ನೊತ್ತಿಹಿಡಿದು ಎಂಟರ್ ಒತ್ತುತ್ತ ಒಂದೊಂದಾಗಿ ರನ್ ಮಾಡಿದಳು. 250 ಮಿಲಿಮೀಟರು 25 ಸೆಂಟಿಮೀಟರಾಗಿ ಸರಿಯಾಗಿಯೇ ಬಂದಿತು. ನನಗೆ ತೋರಿಸಲೆಂದು ಮೂರನೆಯ ಸೆಲ್ಲನ್ನು ಅವಳು ಮತ್ತೊಮ್ಮೆ ರನ್ ಮಾಡಿದಳು. ಉತ್ತರ ಎರಡೂವರೆ.

“ಇದೇನು ಮಾವ, ಈಗ ತಾನೆ ಇಪ್ಪತ್ತೈದು ಬಂದಿತ್ತು! ಒಂದಕ್ಷರ ಮುಟ್ಟಿಲ್ಲ ನಾನು” ಎಂದಳು.

ಮುಟ್ಟಿರಲಿಲ್ಲವೆಂಬುದು ನಿಜ. ಪುಟದ ಮೇಲಿನ ಪ್ರತಿಯೊಂದು ಸಾಲೂ ಮೊದಲಿದ್ದಂತೆಯೇ ಇತ್ತು. ಬದಲಾಗಿದ್ದುದು ಒಂದೇ ಒಂದು ಸಣ್ಣ ಗುರುತು: ಸೆಲ್ಲುಗಳ ಎಡದಂಚಿನಲ್ಲಿ ಚೌಕ ಆವರಣದೊಳಗೆ 1, 2, 3 ಎಂದಿದ್ದ ಅಂಕಿಗಳು ಈಗ 1, 2, 4 ಎಂದಾಗಿದ್ದವು. ಕಾಣೆಯಾದ ಆ ಮೂರು, ಹತ್ತರಿಂದ ಭಾಗಿಸುವ ಕೆಲಸ ಎರಡು ಬಾರಿ ನಡೆದಿದೆಯೆಂಬುದಕ್ಕೆ ಪುಟದಲ್ಲಿ ಉಳಿದಿದ್ದ ಏಕೈಕ ಸಾಕ್ಷಿ. ಕಣ್ಣಿಟ್ಟು ನೋಡದವರಿಗೆ ಅದು ಕಾಣುವುದಿಲ್ಲ. ಕಂಡರೂ ಅದರ ಅರ್ಥ ತಿಳಿಯದವರಿಗೆ ಅದು ಸಾಕ್ಷಿಯೆನಿಸುವುದಿಲ್ಲ.

ಪುಟ ಬೇರೆ, ನೆನಪು ಬೇರೆ

ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ನೋಟ್‌ಬುಕ್ಕಿಗೆ ಎರಡು ಶರೀರಗಳಿವೆಯೆಂಬುದನ್ನು ಮೊದಲು ಗ್ರಹಿಸಬೇಕು. ಬ್ರೌಸರಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಪುಟವೊಂದು. ಅದು ಬರಹ, ಕೋಡು, ಉತ್ತರ, ಚಿತ್ರ ಇವೆಲ್ಲವನ್ನೂ ಒಂದರ ಕೆಳಗೊಂದರಂತೆ ಇಟ್ಟುಕೊಂಡು ಡಿಸ್ಕಿನಲ್ಲಿ ಉಳಿಯುವ ಕಡತ. ತೆರೆಯ ಹಿಂದೆ ಪ್ರತ್ಯೇಕವಾಗಿ ನಡೆಯುತ್ತಿರುವ ‘ಕರ್ನಲ್’ ಎಂಬ ಕ್ರಿಯೆ ಇನ್ನೊಂದು. ಕೋಡನ್ನು ವಾಸ್ತವವಾಗಿ ನಡೆಸುವುದೂ, ಹೆಸರಿಟ್ಟ ಬೆಲೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳುವುದೂ ಅದೇ. ನಾವು ಒಂದು ಸೆಲ್ಲನ್ನು ರನ್ ಮಾಡಿದಾಗ ಆ ಸೆಲ್ಲಿನ ಬರಹವಷ್ಟೇ ಸಂದೇಶರೂಪವಾಗಿ ಕರ್ನಲ್ಲಿಗೆ ಹೋಗುತ್ತದೆ. ಅದು ಕೆಲಸ ಮಾಡುತ್ತಿರುವಷ್ಟು ಕಾಲ ಆವರಣದೊಳಗೆ ಒಂದು ನಕ್ಷತ್ರಚಿಹ್ನೆ ಕಾಣುತ್ತದೆ. ಉತ್ತರ ಬಂದೊಡನೆ ಅದನ್ನು ಸೆಲ್ಲಿನ ಕೆಳಗೆ ಅಂಟಿಸಿ, ನಕ್ಷತ್ರದ ಜಾಗದಲ್ಲಿ ಎಷ್ಟನೆಯ ಆಜ್ಞೆಯೆಂಬ ಕ್ರಮಾಂಕವನ್ನು ಬರೆಯಲಾಗುತ್ತದೆ.

ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ ಪುಟವೆಂಬುದು ಕಡತ, ಕರ್ನಲ್ಲೆಂಬುದು ಶಾನುಭೋಗರು. ಈ ಶಾನುಭೋಗರು ಅತ್ಯಂತ ವಿಧೇಯರು, ಆದರೆ ಕಡತವನ್ನು ಎಂದೂ ತೆರೆದು ನೋಡುವವರಲ್ಲ. ಯಾವ ಆಜ್ಞೆ ಪುಟದ ಮೇಲ್ಭಾಗದಲ್ಲಿದೆ, ಯಾವುದು ಕೆಳಗಿದೆ ಎಂಬುದು ಅವರಿಗೆ ಅಪ್ರಸ್ತುತ. ಕಿವಿಗೆ ಬಿದ್ದ ಕ್ರಮವೇ ಅವರಿಗೆ ಕ್ರಮ. ಐದನೆಯ ಸೆಲ್ಲನ್ನು ಮೊದಲು ನಡೆಸಿ ಎರಡನೆಯದನ್ನು ಆಮೇಲೆ ನಡೆಸಿದರೂ ಅವರು ಆಕ್ಷೇಪಿಸುವುದಿಲ್ಲ. ಒಂದು ಸೆಲ್ಲನ್ನು ಪುಟದಿಂದ ಅಳಿಸಿಹಾಕಿದರೂ, ಆ ಸೆಲ್ಲು ಹೇಳಿದ್ದನ್ನು ಅವರು ಮರೆಯುವುದಿಲ್ಲ. ಕೆಳಗಿನ ಸೆಲ್ಲುಗಳು ಆ ನೆನಪನ್ನೇ ನೆಚ್ಚಿಕೊಂಡು ಸರಿಯಾದ ಉತ್ತರವನ್ನೇ ಕೊಡುತ್ತಿರುತ್ತವೆ. ಮರುದಿನ ಯಂತ್ರವನ್ನಾರಿಸಿ ಹೊತ್ತಿಸಿದ ಮೇಲೆ, ಹೊಸ ಶಾನುಭೋಗರು ಬಂದು ಕುಳಿತಾಗ ತಾನೆ ‘ಇಂಥ ಹೆಸರೇ ನನಗೆ ಗೊತ್ತಿಲ್ಲವಲ್ಲ’ ಎಂಬ ಎರರ್ ತಲೆಯೆತ್ತುವುದು! ನಿನ್ನೆ ನಡೆದ ಲೆಕ್ಕ ಇಂದೇಕೆ ನಡೆಯದು ಎಂದು ಎಷ್ಟು ವಿದ್ಯಾರ್ಥಿಗಳು ಪ್ರಯೋಗಶಾಲೆಗಳಲ್ಲಿ ತಲೆ ಚಚ್ಚಿಕೊಂಡಿಲ್ಲ!

ನೇಯುವ ನೂಲು

ಇಷ್ಟು ತೊಡಕಿನ ಸಾಧನವನ್ನು ಲೋಕ ಏಕೆ ಅಪ್ಪಿಕೊಂಡಿತೆಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವು ಅದರ ಹುಟ್ಟಿನಲ್ಲಿದೆ.

ಗಣಕಶಾಸ್ತ್ರದ ಪ್ರಮುಖ ಗ್ರಂಥಕರ್ತರಲ್ಲೊಬ್ಬರಾದ ಡೊನಾಲ್ಡ್ ಕ್ನೂತ್ ಅವರು, ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು 1977ರಲ್ಲಿ ಕೈಗೆ ಬಂದಾಗ ಅದರ ಅಕ್ಷರಜೋಡಣೆಯ ವಿಕಾರವನ್ನು ಕಂಡು ಮನನೊಂದು, ಅಚ್ಚಿನ ಕೆಲಸವನ್ನು ಮಾಡಲು ತಾವೇ ಒಂದು ವ್ಯವಸ್ಥೆಯನ್ನು ರಚಿಸಹೊರಟರು. ‘ಟೆಕ್’ ಎಂದು ಪ್ರಸಿದ್ಧವಾದ ಆ ವ್ಯವಸ್ಥೆಯನ್ನು ಬರೆಯುತ್ತ ಬರೆಯುತ್ತ ಅವರಿಗೆ ಹೊಳೆದ ಇನ್ನೊಂದು ವಿಚಾರವೆಂದರೆ, ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಆಜ್ಞೆಯೆಂದು ಭಾವಿಸದೆ, ಯಂತ್ರದಿಂದ ಏನು ಮಾಡಿಸಬೇಕೆಂದಿದ್ದೇವೆಂಬುದನ್ನು ಮನುಷ್ಯನಿಗೆ ವಿವರಿಸುವ ಪ್ರಬಂಧವೆಂದು ಭಾವಿಸಬೇಕೆಂಬುದು. 1984ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಇದನ್ನು ಪ್ರತಿಪಾದಿಸಿದರು. ಅವರ ಪದ್ಧತಿಯಲ್ಲಿ ಬರಹವೂ ಕೋಡೂ ಒಂದೇ ಕಡತದಲ್ಲಿರುತ್ತವೆ. ‘ವೀವ್’ ಅಂದರೆ ನೇಯುವುದು ಎಂಬ ಉಪಕರಣವು ಅದರಿಂದ ಓದುಗನಿಗಾಗಿ ಸುಂದರವಾದ ಪುಟವನ್ನು ನೇಯುತ್ತದೆ. ‘ಟ್ಯಾಂಗಲ್’ ಅಂದರೆ ಸಿಕ್ಕುಗಟ್ಟಿಸುವುದು ಎಂಬ ಮತ್ತೊಂದು, ಅದೇ ನೂಲನ್ನು ಯಂತ್ರಕ್ಕೆ ಬೇಕಾದ ಕ್ರಮದಲ್ಲಿ ತೊಡಕಿಸಿ ಕೊಡುತ್ತದೆ. ಓದುವ ಕ್ರಮವೊಂದು, ನಡೆಯುವ ಕ್ರಮವೊಂದು ಎಂಬುದನ್ನು ಕ್ನೂತ್ ಅವರು ಅರಿತೇ ಒಪ್ಪಿಕೊಂಡಿದ್ದರು. ಆದರೆ ಒಂದರಿಂದೊಂದಕ್ಕೆ ಹೋಗುವ ದಾರಿಯನ್ನು ಅವರು ಯಂತ್ರಕ್ಕೆ ವಹಿಸಿದ್ದರೇ ಹೊರತು ಬೆರಳಿನ ಚಾಪಲ್ಯಕ್ಕಲ್ಲ.

ಕೋಡು, ಉತ್ತರ, ಚಿತ್ರ, ವಿವರಣೆ ಇವೆಲ್ಲವೂ ಜೀವಂತವಾಗಿ ಒಂದೇ ಪುಟದಲ್ಲಿರುವ ನೋಟ್‌ಬುಕ್ಕು 1988ರಲ್ಲಿ ‘ಮ್ಯಾಥಮ್ಯಾಟಿಕಾ’ ಎಂಬ ತಂತ್ರಾಂಶದೊಡನೆ ಬಂದಿತು. ಅದು ಹಣ ಕೊಟ್ಟು ಕೊಳ್ಳಬೇಕಾದ ಸಾಮಗ್ರಿ. ಕೊಲಂಬಿಯಾ ದೇಶದಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿದ್ದ ಫರ್ನಾಂಡೊ ಪೆರೆಸ್ ಎಂಬ ವಿದ್ಯಾರ್ಥಿ, 2001ರಲ್ಲಿ ಪ್ರಬಂಧದ ಕೆಲಸವನ್ನು ಪಕ್ಕಕ್ಕಿಟ್ಟು, ಪೈಥಾನ್ ಭಾಷೆಯೊಡನೆ ಸಂವಾದಿಸಲು ಅನುಕೂಲವಾಗುವಂತೆ ‘ಐಪೈಥಾನ್’ ಎಂಬ ಪುಟ್ಟ ಉಪಕರಣವನ್ನು ಬರೆದರು. ಬ್ರಯನ್ ಗ್ರೇಂಜರ್ ಮೊದಲಾದ ಸಹೋದ್ಯೋಗಿಗಳೊಡನೆ ಅದು ಬೆಳೆದು, 2011ರ ಅಂತ್ಯದಲ್ಲಿ ಬ್ರೌಸರಿನಲ್ಲಿ ತೆರೆಯುವ ನೋಟ್‌ಬುಕ್ಕಾಯಿತು. 2014ರಲ್ಲಿ ಪೈಥಾನಿಗಷ್ಟೇ ಸೀಮಿತವಾಗಿರದೆ ಬೇರೆ ಭಾಷೆಗಳಿಗೂ ತೆರೆದುಕೊಂಡು ‘ಜುಪಿಟರ್’ ಎಂಬ ಹೆಸರನ್ನು ಧರಿಸಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರಿನ ತುಣುಕುಗಳನ್ನು ಕೂಡಿಸಿದ ಹೆಸರದು. ಆದರೆ ಅದರಲ್ಲಿ ಗುರುಗ್ರಹದ ಸ್ಮರಣೆಯೂ ಉಂಟು. 1610ರ ಜನವರಿಯ ರಾತ್ರಿಗಳಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ಗುರುವಿನತ್ತ ತಿರುಗಿಸಿ, ಅದರ ಇಕ್ಕೆಲಗಳಲ್ಲಿ ಕಂಡ ಚುಕ್ಕಿಗಳು ರಾತ್ರಿಯಿಂದ ರಾತ್ರಿಗೆ ಸ್ಥಳ ಬದಲಿಸುವುದನ್ನು ಪುಟದ ಮೇಲೆ ಚಿತ್ರಿಸಿಕೊಂಡು, ಪಕ್ಕದಲ್ಲಿ ತನ್ನ ಊಹೆಯನ್ನು ಬರೆದು, ಕೆಲವೇ ತಿಂಗಳುಗಳಲ್ಲಿ ಅವೆಲ್ಲವನ್ನೂ ಅಚ್ಚು ಹಾಕಿಸಿದನಷ್ಟೆ. ಕಂಡದ್ದು, ಕಂಡ ದಿನ, ಅದರಿಂದ ತಾನು ತಿಳಿದದ್ದು ಇವು ಮೂರನ್ನೂ ಓದುಗನೆದುರು ತೆರೆದಿಟ್ಟ ಆ ಪುಟಗಳೇ ತಮ್ಮ ಆದರ್ಶವೆಂದು ಜುಪಿಟರಿನ ಕರ್ತೃಗಳು ಭಾವಿಸಿದರು.

ಆ ಆದರ್ಶ ಸಾರ್ಥಕವಾದ ಸಂದರ್ಭಗಳೂ ಇವೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯಗಳು ಗುರುತ್ವದ ಅಲೆಯನ್ನು ಮೊಟ್ಟಮೊದಲು ಗುರುತಿಸಿ, 2016ರ ಫೆಬ್ರವರಿ 11ರಂದು ಲೋಕಕ್ಕೆ ಸಾರಿದಾಗ, ದತ್ತಾಂಶದ ಜೊತೆಗೆ ಅದನ್ನು ಹಂತಹಂತವಾಗಿ ಸಂಸ್ಕರಿಸುವ ನೋಟ್‌ಬುಕ್ಕನ್ನೂ ಸಾರ್ವಜನಿಕವಾಗಿ ತೆರೆದಿಟ್ಟರು. ಎಲ್ಲೋ ಒಂದೂರಿನ ಕಾಲೇಜಿನಲ್ಲಿ ಕುಳಿತ ವಿದ್ಯಾರ್ಥಿಯೂ ಅದನ್ನು ಇಳಿಸಿಕೊಂಡು, ಸೆಲ್ಲಿನ ಮೇಲೆ ಸೆಲ್ಲು ನಡೆಸಿ, ಸದ್ದಿನ ಗೋಜಲಿನೊಳಗಿಂದ ಆ ಅಲೆಯ ರೂಪ ಮೇಲೆದ್ದು ಬರುವುದನ್ನು ತಾನೇ ಕಾಣಬಹುದಾಗಿತ್ತು. ನೋಟ್‌ಬುಕ್ಕನ್ನು ಅಪ್ಪಿಕೊಂಡವರು ಅಪ್ಪಿಕೊಂಡದ್ದು ಈ ಆನಂದಕ್ಕಾಗಿ.

ಆಕ್ಷೇಪಣೆಯೂ ಅಷ್ಟೇ ಬಲವಾದುದು. ಜುಪಿಟರ್ ಬಳಸುವವರದೇ ಸಮ್ಮೇಳನವೊಂದು 2018ರಲ್ಲಿ ನ್ಯೂಯಾರ್ಕಿನಲ್ಲಿ ನಡೆದಾಗ, ಜೋಯೆಲ್ ಗ್ರಸ್ ಎಂಬವರು ವೇದಿಕೆಯೇರಿ ತಮಗೆ ನೋಟ್‌ಬುಕ್ಕುಗಳು ಹಿಡಿಸುವುದಿಲ್ಲವೆಂದೇ ಉಪನ್ಯಾಸ ಮಾಡಿದರು. ಮದುವೆಮನೆಯಲ್ಲಿ ಕುಳಿತು ಮದುಮಗನ ದೋಷಗಳನ್ನೆಣಿಸಿದಂಥ ಆ ಮಾತನ್ನು ಸಭೆ ಕೇಳಿಸಿಕೊಂಡಿತು, ಏಕೆಂದರೆ ಹೇಳಿದ್ದರಲ್ಲಿ ಬಹುಪಾಲು ಪ್ರತಿಯೊಬ್ಬರ ಅನುಭವವೂ ಆಗಿತ್ತು. ಮರುವರ್ಷ ಪ್ರಕಟವಾದ ಸಂಶೋಧನೆಯೊಂದು, ಕೋಡು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ಬಿನಲ್ಲಿ ಸಾರ್ವಜನಿಕವಾಗಿದ್ದ ಸುಮಾರು 14 ಲಕ್ಷ ನೋಟ್‌ಬುಕ್ಕುಗಳನ್ನು ಕಲೆಹಾಕಿ, ಅವುಗಳಲ್ಲಿ ನಡೆಸಿನೋಡಲು ಯೋಗ್ಯವಾದವುಗಳನ್ನು ಮತ್ತೆ ನಡೆಸಲು ಯತ್ನಿಸಿತು. ತಪ್ಪಿಲ್ಲದೆ ಕೊನೆಮುಟ್ಟಿದವು ಶೇಕಡ 24ರಷ್ಟು. ಪುಟದಲ್ಲಿ ಮೊದಲೇ ಅಚ್ಚಾಗಿದ್ದ ಉತ್ತರವನ್ನೇ ಮತ್ತೆ ಕೊಟ್ಟವು ಶೇಕಡ 4ರಷ್ಟು ಮಾತ್ರ. ಬೇಕಾದ ಲೈಬ್ರರಿಗಳಿಲ್ಲದುದು, ದತ್ತಾಂಶದ ಕಡತ ಜೊತೆಗಿಲ್ಲದುದು, ಸೆಲ್ಲುಗಳನ್ನು ಹಿಂದುಮುಂದಾಗಿ ನಡೆಸಿದುದು, ಹೀಗೆ ಕಾರಣಗಳು ಹಲವು. ಹಳೆಯ ಶಾನುಭೋಗರು ಹೋದ ಮೇಲೆ ಕಡತಗಳ ಗತಿಯೇನಾಗುತ್ತದೆಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ.

ಹಗುರವಾದ ಎಡಿಟರು

ನೋಟ್‌ಬುಕ್ಕಿನಿಂದ ಬೇಸತ್ತವರು ಆಶ್ರಯಿಸುವುದು ಹಗುರವಾದ ಎಡಿಟರುಗಳನ್ನು. ಎಡಿಟರನ್ನು ಕನ್ನಡದಲ್ಲಿ ಸಂಪಾದಕನೆಂದು ಕರೆಯುವುದುಂಟಾದರೂ, ಪತ್ರಿಕೆಯ ಸಂಪಾದಕರಂತೆ ಇದು ನಮ್ಮ ಬರಹಕ್ಕೆ ಕತ್ತರಿ ಹಾಕುವುದಿಲ್ಲ. ಸ್ಲೇಟನ್ನು ಎದುರಿಗಿಟ್ಟು ಸುಮ್ಮನಿರುವುದೇ ಅದರ ಗುಣ. ಆ ವಂಶದ ಹಿರಿಯರಲ್ಲೊಂದಾದ ‘ವೀ-ಐ’ ಎಂಬುದನ್ನು ಬರ್ಕ್ಲಿಯ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 1976ರಲ್ಲಿ ಬರೆದಾಗ, ದೂರವಾಣಿಯ ತಂತಿಯ ಮೂಲಕ ಸೆಕೆಂಡಿಗೆ 300 ಬಿಟ್ಟುಗಳ ವೇಗದಲ್ಲಿ ಅಕ್ಷರಗಳು ತೆವಳಿಕೊಂಡು ಬರುತ್ತಿದ್ದ ಕಾಲ. ಪರದೆಯನ್ನು ಮತ್ತೆ ಮತ್ತೆ ಬರೆಯಿಸುವುದು ದುಬಾರಿಯಾದುದರಿಂದ, ಒಂದೊಂದಕ್ಷರದ ಆಜ್ಞೆಗಳಿಂದಲೇ ಎಲ್ಲ ಕೆಲಸವನ್ನೂ ಮಾಡಿಸುವ ಮಿತವ್ಯಯ ಅದರ ಸ್ವಭಾವವಾಯಿತು. ಅವರು ಬಳಸುತ್ತಿದ್ದ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲಿದ್ದವೆಂಬ ಒಂದೇ ಕಾರಣಕ್ಕಾಗಿ ಇಂದಿಗೂ ಅದರ ಸಂತತಿಯ ಎಡಿಟರುಗಳಲ್ಲಿ ಆ ನಾಲ್ಕಕ್ಷರಗಳೇ ಕರ್ಸರನ್ನು ನಡೆಸುತ್ತವೆ. ನಮ್ಮ ಕಾಲೇಜುಗಳಲ್ಲಿ ಒಂದು ಪೀಳಿಗೆಯವರಿಗೆ ನೀಲಿ ಪರದೆಯ ಟರ್ಬೊ ಸಿ ಹೇಗೆ ಅಕ್ಷರಾಭ್ಯಾಸದ ಮಣೆಯಾಗಿತ್ತೋ, ಹಾಗೆ ಪೈಥಾನ್ ಕಲಿಯುವವರಿಗೆ ಈಗ ಎಸ್ಟೋನಿಯಾ ದೇಶದ ತಾರ್ತು ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ‘ಥಾನಿ’ ಮೊದಲಾದ ಸರಳ ಎಡಿಟರುಗಳಿವೆ.

ಎಡಿಟರಿನಲ್ಲಿ ಬರೆದ ಪ್ರೋಗ್ರಾಮನ್ನು ರನ್ ಮಾಡುವುದಕ್ಕೂ ಸೆಲ್ಲನ್ನು ರನ್ ಮಾಡುವುದಕ್ಕೂ ಮುಖ್ಯವಾದ ಭೇದವೊಂದಿದೆ. ಇಲ್ಲಿ ಪ್ರತಿಸಲವೂ ಹೊಸ ಶಾನುಭೋಗರು ಬರುತ್ತಾರೆ; ಕಡತವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದುತ್ತಾರೆ; ಓದಿದಂತೆ ನಡೆಸುತ್ತಾರೆ; ಎಲ್ಲವನ್ನೂ ಮರೆತು ಎದ್ದುಹೋಗುತ್ತಾರೆ. ನಮ್ಮ ಹುಡುಗಿ ತನ್ನ ಮೂರು ಸಾಲುಗಳನ್ನು ಇಂಥ ಕಡತದಲ್ಲಿ ಬರೆದಿದ್ದರೆ, ನೂರು ಬಾರಿ ರನ್ ಮಾಡಿದರೂ ಇಪ್ಪತ್ತೈದೇ ಬರುತ್ತಿತ್ತು. ಮರೆವು ಮನುಷ್ಯನಲ್ಲಿ ದೋಷವಾದರೂ ಇಲ್ಲಿ ಅದು ಪ್ರಾಮಾಣ್ಯದ ಮೂಲ. ಆದರೆ ಅದಕ್ಕೆ ತೆರುವ ಬೆಲೆಯೂ ಉಂಟು: ದತ್ತಾಂಶವನ್ನು ಓದಿಕೊಳ್ಳಲು ಹತ್ತು ನಿಮಿಷ ಹಿಡಿಯುವ ಪ್ರೋಗ್ರಾಮಿನಲ್ಲಿ ಚಿತ್ರದ ಬಣ್ಣವೊಂದನ್ನು ಬದಲಿಸಬೇಕಾದರೂ ಮತ್ತೆ ಹತ್ತು ನಿಮಿಷ ಕಾಯಬೇಕು. ಆದುದರಿಂದಲೇ ಹಲವರು ನಡುದಾರಿ ಹಿಡಿದಿದ್ದಾರೆ. ಸಾದಾ ಕಡತದಲ್ಲಿಯೇ ಹ್ಯಾಶ್ ಚಿಹ್ನೆಯ ಮುಂದೆ ಎರಡು ಶೇಕಡ ಚಿಹ್ನೆಗಳನ್ನು ಬರೆದರೆ ಅಲ್ಲಿಂದ ಹೊಸ ಸೆಲ್ಲು ಆರಂಭವಾಯಿತೆಂದು ತಿಳಿದುಕೊಳ್ಳುವ ಎಡಿಟರುಗಳುಂಟು. ಜೂಲಿಯಾ ಭಾಷೆಯ ‘ಪ್ಲೂಟೊ’ ಎಂಬ ನೋಟ್‌ಬುಕ್ಕಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಸೆಲ್ಲು ಬದಲಾದರೆ ಅದನ್ನು ನೆಚ್ಚಿದ ಸೆಲ್ಲುಗಳನ್ನೆಲ್ಲ ತಾನಾಗಿ ಮತ್ತೆ ನಡೆಸುತ್ತದೆ. ಅಳಿಸಿದ ಸೆಲ್ಲಿನ ನೆನಪನ್ನೂ ಅಳಿಸುತ್ತದೆ. ಒಂದೇ ಹೆಸರಿಗೆ ಎರಡು ಸೆಲ್ಲುಗಳಲ್ಲಿ ಬೆಲೆ ಕೊಡಲು ಒಪ್ಪುವುದೇ ಇಲ್ಲ.

ಅಂಚಿನ ಶಿಸ್ತು

ಕೋಡನ್ನು ನಡೆಸುವುದು ಒಂದು ಮಾತಾದರೆ, ಅದನ್ನು ಒಪ್ಪವಾಗಿ ಬರೆಯುವುದು ಇನ್ನೊಂದು. ಫಾರ್ಮ್ಯಾಟಿಂಗ್ ಎಂದು ಕರೆಯಲಾಗುವ ಈ ಕೆಲಸವನ್ನು ಹೊರಗಿನವರು ಬರಿಯ ಅಲಂಕಾರವೆಂದು ತಿಳಿಯುವುದುಂಟು. ಹಾಗಲ್ಲವೆಂಬುದಕ್ಕೆ 2014ರ ಫೆಬ್ರವರಿಯಲ್ಲಿ ಬಯಲಾದ ಒಂದು ಪ್ರಸಂಗವೇ ಸಾಕು. ಆಪಲ್ ಸಂಸ್ಥೆಯ ಸಾಧನಗಳಲ್ಲಿ, ಸಂಪರ್ಕದ ಇನ್ನೊಂದು ತುದಿಯಲ್ಲಿರುವವರು ನಿಜವಾಗಿಯೂ ತಾವು ಹೇಳಿಕೊಂಡವರೇ ಎಂದು ಸಹಿಯನ್ನು ಪರಿಶೀಲಿಸುವ ಕೋಡಿನಲ್ಲಿ, ‘ಹಿಂದಿನ ಹಂತ ತಪ್ಪಿದ್ದರೆ ಕೊನೆಗೆ ಜಿಗಿ’ ಎಂಬರ್ಥದ ಒಂದು ನಿಬಂಧನೆಯಿತ್ತು. ಅದರ ಕೆಳಗೆ ‘ಕೊನೆಗೆ ಜಿಗಿ’ ಎಂಬ ಸಾಲು ಒಂದು ಸಲದ ಬದಲು ಎರಡು ಸಲ ಬಿದ್ದಿತ್ತು. ಎರಡು ಸಾಲುಗಳೂ ಒಂದೇ ಅಂಚಿನಲ್ಲಿ ಒಳಸರಿದು ನಿಂತಿದ್ದುದರಿಂದ, ಎರಡೂ ಆ ನಿಬಂಧನೆಗೇ ಸೇರಿದವೆಂದು ಕಣ್ಣಿಗೆ ತೋರುತ್ತಿತ್ತು. ಆದರೆ ಸಿ ಭಾಷೆ ಅಂಚನ್ನು ಲೆಕ್ಕಿಸುವುದಿಲ್ಲ. ಪುಷ್ಪಾವರಣವಿಲ್ಲದ ಕಡೆ ನಿಬಂಧನೆಯ ವ್ಯಾಪ್ತಿ ಒಂದು ಸಾಲಿಗೆ ಮಾತ್ರ. ಎರಡನೆಯ ಸಾಲು ಯಾವ ನಿಬಂಧನೆಗೂ ಒಳಪಡದೆ ಪ್ರತಿಸಲವೂ ನಡೆದು, ಸಹಿಯ ಪರಿಶೀಲನೆಯನ್ನೇ ದಾಟಿಸಿ, ಎಲ್ಲವೂ ಸರಿಯಾಗಿದೆಯೆಂಬ ವರದಿಯನ್ನು ಕೊಡುತ್ತಿತ್ತು. ಇಲ್ಲಿಯೂ ದೋಷದ ಜಾತಿ ಅದೇ: ಪುಟ ಹೇಳಿದ್ದೊಂದು, ನಡೆದದ್ದೊಂದು.

1991ರಲ್ಲಿ ಹೊರಬಂದ ಪೈಥಾನ್ ಭಾಷೆಯಲ್ಲಿ ಗೈಡೊ ವ್ಯಾನ್ ರಾಸಮ್ ಅವರು ಅಂಚನ್ನೇ ವ್ಯಾಕರಣವಾಗಿ ಮಾಡಿದರು. ತಾವು ಹಿಂದೆ ದುಡಿದಿದ್ದ ಎಬಿಸಿ ಎಂಬ ಬೋಧನೆಯ ಭಾಷೆಯಿಂದ ಅವರು ತಂದ ಪದ್ಧತಿಯದು. ಕಣ್ಣಿಗೆ ಒಳಗೆ ಸರಿದಂತೆ ಕಂಡ ಸಾಲು ಯಂತ್ರಕ್ಕೂ ಒಳಗಿನದೇ. 2001ರಲ್ಲಿ ರಚಿತವಾದ ಪೈಥಾನಿನ ಶೈಲಿಸೂತ್ರವು ಪ್ರತಿ ಹಂತಕ್ಕೂ ನಾಲ್ಕು ಸ್ಪೇಸುಗಳನ್ನೂ, ಸಾಲೊಂದಕ್ಕೆ 79 ಅಕ್ಷರಗಳ ಮಿತಿಯನ್ನೂ ವಿಧಿಸಿತು. ಆ ಮಿತಿಯ ಹಿಂದೆ ಐಬಿಎಂ ಸಂಸ್ಥೆ 1928ರಲ್ಲಿ ತಂದ 80 ಕಂಬಸಾಲುಗಳ ತೂತುಕಾರ್ಡಿನ ನೆರಳಿದೆ. ಕಾರ್ಡು ಹೋಯಿತು, ಅದರ ಅಗಲ ನಮ್ಮ ಪರದೆಗಳಲ್ಲಿ ಇನ್ನೂ ಉಳಿದಿದೆ. ಆದರೆ ವ್ಯಾಕರಣವಾದ ಅಂಚಿಗೆ ಹೊಸ ಅಪಾಯಗಳೂ ಅಂಟಿಕೊಂಡವು. ಟ್ಯಾಬ್ ಒತ್ತಿದ ಖಾಲಿ ಜಾಗವೂ ಸ್ಪೇಸ್ ಒತ್ತಿದ ಖಾಲಿ ಜಾಗವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಪಿಡಿಎಫ್ ಪುಸ್ತಕದಿಂದ ನಕಲಿಸಿ ಅಂಟಿಸಿದ ಕೋಡು ಅಂಚನ್ನು ಕಳೆದುಕೊಂಡು ಬರುತ್ತದೆ. ವರ್ಡ್ ಪ್ರೊಸೆಸರಿನಲ್ಲಿ ಬರೆದಿಟ್ಟ ಕೋಡಿನಲ್ಲಿ ನೆಟ್ಟನೆಯ ಉದ್ಧರಣ ಚಿಹ್ನೆಗಳು ಬಾಗಿ ಬಳುಕಿ ಸುಂದರವಾಗಿ, ಆ ಸೌಂದರ್ಯವನ್ನು ಪೈಥಾನ್ ಒಪ್ಪದೆ ಹೋಗುತ್ತದೆ. ಸಾದಾ ಎಡಿಟರಿನ ಸಾದಾತನ ಎಷ್ಟು ದೊಡ್ಡ ಉಪಕಾರವೆಂಬುದು ಆಗ ತಿಳಿಯುತ್ತದೆ.

ಹಿಂದೆ ಈ ಒಪ್ಪಗೆಲಸ ಕೈಯಿಂದಲೇ ನಡೆಯುತ್ತಿತ್ತು. ಸ್ಪೇಸು ಎಲ್ಲಿರಬೇಕೆಂಬ ಬಗ್ಗೆ ನಡೆದ ವಾಗ್ವಾದಗಳು ಸಂಧಿ ಬಿಡಿಸಿ ಬರೆಯಬೇಕೆ ಕೂಡಿಸಿ ಬರೆಯಬೇಕೆ ಎಂಬ ನಮ್ಮ ಪಂಡಿತರ ವಾದಗಳಷ್ಟೇ ದೀರ್ಘವಾಗಿದ್ದವು. 2009ರಲ್ಲಿ ಪ್ರಕಟವಾದ ಗೋ ಭಾಷೆಯ ಕರ್ತೃಗಳು ‘ಗೋಫಂಟ್’ ಎಂಬ ಉಪಕರಣವನ್ನು ಭಾಷೆಯೊಡನೆಯೇ ಕೊಟ್ಟು, ಇದು ಹಾಕಿದ ಅಂಚೇ ಅಂಚು ಎಂದು ವಾದಕ್ಕೆ ತೆರೆಯೆಳೆದರು. ಪೈಥಾನಿಗೆ 2018ರಲ್ಲಿ ಲುಕಾಶ್ ಲಾಂಗಾ ಅವರ ‘ಬ್ಲ್ಯಾಕ್’ ಅದೇ ಮಾರ್ಗದಲ್ಲಿ ಬಂದು, ಸಾಲಿಗೆ 88 ಅಕ್ಷರಗಳೆಂದು ನಿಗದಿಮಾಡಿ, ಬೇರೆ ಆಯ್ಕೆಗಳಿಗೆ ಹೆಚ್ಚು ಎಡೆಗೊಡದೆ ಕೋಡನ್ನು ಸರಿಪಡಿಸತೊಡಗಿತು. ಈಗ ನೋಟ್‌ಬುಕ್ಕಿನ ಸೆಲ್ಲುಗಳನ್ನೂ ಅದು ತಿದ್ದಬಲ್ಲದು. ಅದರ ನಡವಳಿಕೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದುಂಟು. ತಿದ್ದುವ ಮುನ್ನ ಕೋಡಿನ ವ್ಯಾಕರಣವೃಕ್ಷ ಹೇಗಿತ್ತೋ ತಿದ್ದಿದ ಮೇಲೆಯೂ ಅದು ಹಾಗೆಯೇ ಇದೆಯೆ ಎಂದು ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ತನ್ನ ತಿದ್ದುಪಡಿಯನ್ನು ಅದು ಕೈಬಿಡುತ್ತದೆ. ರೂಪವನ್ನು ಮುಟ್ಟಬಹುದು, ಅರ್ಥವನ್ನು ಮುಟ್ಟಬಾರದು ಎಂಬ ಈ ಸಂಯಮ ಒಳ್ಳೆಯ ಕರಡು ತಿದ್ದುವವರಿಗೆ ಇರಬೇಕಾದ ಸಂಯಮವೇ ಆಗಿದೆ.

ಕಂಡ ಅಕ್ಷರ, ಎಣಿಸಿದ ಅಕ್ಷರ

ನಮ್ಮ ಭಾಷೆಯಲ್ಲಿ ಬರೆಯುವವರಿಗೆ ಈ ಅಂತರದ ಇನ್ನೊಂದು ಮುಖವೂ ಎದುರಾಗುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದಾಚೆಗೆ ಹೆಸರುಗಳನ್ನು ಕನ್ನಡದಲ್ಲಿಯೂ ಇಡಬಹುದು. ನಮ್ಮ ಹುಡುಗಿಯ ಪಟ್ಟಿಗೆ ‘ಮಳೆ’ ಎಂದೇ ಹೆಸರಿಟ್ಟೆವು, ಯಂತ್ರ ಆಕ್ಷೇಪಿಸಲಿಲ್ಲ. ಬಳಿಕ ಕುತೂಹಲದಿಂದ ‘ಕನ್ನಡ’ ಎಂಬ ಶಬ್ದದ ಉದ್ದವೆಷ್ಟೆಂದು ಅದನ್ನೇ ಕೇಳಿದೆವು. ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯಂತ್ರದ ಉತ್ತರ ಐದು. ಒತ್ತಕ್ಷರವೆಂದು ನಾವು ಒಂದಾಗಿ ಕಾಣುವುದನ್ನು ಯುನಿಕೋಡು ನಕಾರ, ಹಲಂತದ ಚಿಹ್ನೆ, ಮತ್ತೊಂದು ನಕಾರ ಎಂದು ಮೂರಾಗಿ ಎಣಿಸುತ್ತದೆ. ಪ್ರತಿಯೊಂದಕ್ಷರವೂ ಒಂದೇ ಅಗಲದ ಮನೆಯಲ್ಲಿ ಕೂರಬೇಕೆಂದು ಕಟ್ಟಿದ ಎಡಿಟರಿನ ಅಚ್ಚುಕಟ್ಟಿನಲ್ಲಿ, ಒತ್ತು ದೀರ್ಘ ಕೊಂಬುಗಳೊಡನೆ ಬರುವ ನಮ್ಮ ಅಕ್ಷರ ಮನೆಯ ಗೋಡೆಯನ್ನು ಮೀರಿ ಚಾಚುತ್ತದೆ; ಕಂಬಸಾಲುಗಳು ಓರೆಯಾಗುತ್ತವೆ. ಇದು ಯಾರ ತಪ್ಪೂ ಅಲ್ಲ. ಆದರೆ ತಾನು ಕಂಡದ್ದನ್ನೇ ಯಂತ್ರವೂ ಕಂಡಿತೆಂದು ಭಾವಿಸಬಾರದೆಂಬ ಪಾಠವನ್ನು ಕನ್ನಡದ ವಿದ್ಯಾರ್ಥಿ ತನ್ನ ಭಾಷೆಯ ಹೆಸರಿನಿಂದಲೇ ಕಲಿಯಬಹುದಾಗಿದೆ.

ಮಳೆಯ ಲೆಕ್ಕಕ್ಕೆ ಹಿಂದಿರುಗೋಣ. ಕಾಣೆಯಾದ ಮೂರನ್ನು ತೋರಿಸಿದೊಡನೆ ಹುಡುಗಿಗೆ ಮರ್ಮ ಹೊಳೆಯಿತು. ಮೂರನೆಯ ಸೆಲ್ಲಿನಲ್ಲಿ ‘ಒಟ್ಟು’ ಎಂಬುದನ್ನು ಒರಸಿ ಅದರ ಮೇಲೆಯೇ ಬರೆಯುವ ಬದಲು, ಸೆಂಟಿಮೀಟರಿನ ಮೊತ್ತಕ್ಕೆ ಬೇರೆಯೇ ಹೆಸರನ್ನಿಟ್ಟಳು. ಆಮೇಲೆ ಕರ್ನಲ್ಲನ್ನು ರೀಸ್ಟಾರ್ಟ್ ಮಾಡಿ ಎಲ್ಲ ಸೆಲ್ಲುಗಳನ್ನೂ ಮೊದಲಿನಿಂದ ನಡೆಸುವ ಆಜ್ಞೆಯನ್ನೊತ್ತಿದಳು. ಕ್ರಮಾಂಕಗಳು 1, 2, 3 ಎಂದು ಸಾಲಾಗಿ ಬಂದವು, ಉತ್ತರ ಇಪ್ಪತ್ತೈದು. ಮೂರನೆಯ ಸೆಲ್ಲನ್ನು ಹಟದಿಂದ ನಾಲ್ಕೈದು ಬಾರಿ ಒತ್ತಿ ನೋಡಿದಳು. ಇಪ್ಪತ್ತೈದೇ.

ಪಕ್ಕದಲ್ಲಿ ಅಜ್ಜನ ಮಳೆಪುಸ್ತಕ ತೆರೆದೇ ಇತ್ತು. ಅವಳು ನಕಲು ಮಾಡಿಕೊಂಡಿದ್ದ 118ರ ಪಕ್ಕದಲ್ಲಿ, ಒಂದೇ ಗೆರೆಯೆಳೆದು ಹೊಡೆದುಹಾಕಿದ 181 ಎಂಬ ಅಂಕಿ, ಗೆರೆಯ ಹಿಂದೆ ಸ್ಪಷ್ಟವಾಗಿ ಓದಬರುವಂತೆ ನಿಂತಿತ್ತು. ಅದರ ಮುಂದೆ ತಿದ್ದಿದ ದಿನಾಂಕ, ಒಂದು ಸಣ್ಣ ರುಜು. ಅದನ್ನು ತುಸು ಹೊತ್ತು ನೋಡಿ, “ಅಜ್ಜ ಒರಸಿಯೇ ಇಲ್ಲ” ಎಂದಳು.